ಎಂಜಿನ್ ಎಣ್ಣೆ ಬಿಡ್ತಾ ಉಂಟು!

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕ ಕರಾವಳಿಯ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಕಡಲಿಗಿಳಿಯಲು ಅನುಮತಿ ಇರುವುದು ನಾಡದೋಣಿಗಳಿಗೆ, ಅದೂ ಎಂಜಿನ್ ಇಲ್ಲದಿದ್ದರೆ ಅಥವಾ ಇದ್ದರೂ 10 ಅಶ್ವಶಕ್ತಿ ಮೀರದಿದ್ದರೆ. ಉಪ್ಪುಂದ, ಮರವಂತೆ, ಶಿರೂರು ಕಡೆಯ ದೋಣಿಗಳ ಹಿಂಬದಿಯಲ್ಲಿ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಕಾಣುವುದಕ್ಕೂ ಈ ಲೆಕ್ಕಾಚಾರಕ್ಕೂ ಸಂಬಂಧವಿದೆ. ಮಳೆಗಾಲದ ಕಡಲು ಬಿಟ್ಟುಕೊಡುವ ದಿನಗಳೇ ಕೆಲವು. ಅಂಥದ್ದೊಂದು ದಿನ ಬಲೆ ಬಿಟ್ಟು ಬಂದು ದೋಣಿಯನ್ನು ದಡಕ್ಕೆಳೆದಾಗ ಫ್ಯಾನಿನ (ಪ್ರೊಪೆಲ್ಲರ್) ಬುಡದಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ದೋಣಿ ನಡೆಸುವ ತಾಂಡೇಲನ ಮುಖ ಸಣ್ಣದಾಗದೆ ಇರುತ್ತದೆಯೇ? 'ಎಂಜಿನ್ ಎಣ್ಣೆ ಬಿಡ್ತಾ ಉಂಟು' ಎಂಬ ಸುದ್ದಿ ಮೆಕ್ಯಾನಿಕ್ ಬರುವುದಕ್ಕೆ ಮೊದಲೇ ಕೇರಿಯೆಲ್ಲ ಸುತ್ತಿರುತ್ತದೆ. ಜೊತೆಗೆ ತಲೆಗೊಂದು ಸಲಹೆ: ಸೀಲ್ ಹೋಗಿದೆ, ಗೇರ್ ಹೋಗಿದೆ, ಎಂಜಿನ್ನೇ ಹೋಗಿದೆ.

ಹೀಗೆ ದೂರು ಬರುವ ಎಂಜಿನ್‌ಗಳಲ್ಲಿ ನಿಜವಾಗಿ ಸೋರದವೂ ಇರುತ್ತವೆ. ನಮ್ಮ ನಾಡದೋಣಿಗಳಲ್ಲಿ ಬಹುಪಾಲು ಓಡುತ್ತಿರುವುದು ಸೀಮೆಎಣ್ಣೆಯ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬಂದು ಕಾರ್ಬ್ಯುರೇಟರ್ ಸ್ವಚ್ಛ ಮಾಡಿಕೊಳ್ಳಬೇಕು. ಇದರಲ್ಲಿ ಆಯಿಲ್ ಇರುವುದು ಇಂಧನದಲ್ಲಿ ಬೆರೆತೇ. ಬಲೆ ಬಿಡುವಾಗ, ಎಳೆಯುವಾಗ ಎಂಜಿನ್ ಬಹಳ ಹೊತ್ತು ನಿಧಾನ ಓಡಿದರೆ ಸೀಮೆಎಣ್ಣೆ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಹೊಗೆಯ ದಾರಿಯಲ್ಲೇ ಹೊರಬರುತ್ತದೆ. ಅನೇಕ ಎಂಜಿನ್‌ಗಳಲ್ಲಿ ಆ ದಾರಿ ತೆರೆದುಕೊಳ್ಳುವುದು ಫ್ಯಾನಿನ ನಡುವೆಯೇ. ದೋಣಿ ದಡಕ್ಕೆ ಬಂದ ಮೇಲೆ ಅಲ್ಲಿಂದ ಕಪ್ಪು ಜಿಡ್ಡು ಇಳಿಯತೊಡಗಿದರೆ ನೋಡಿದವರಿಗೆ ಗೇರ್ ಬಾಕ್ಸೇ ಒಡೆದಂತೆ ಅನ್ನಿಸುತ್ತದೆ. ಒಳ್ಳೆಯದಾಗಲಿ ಎಂದು ಹೇಳಿದ ಅಳತೆಗಿಂತ ಹೆಚ್ಚು ಆಯಿಲ್ ಬೆರೆಸುವವರ ಎಂಜಿನ್ನಿನಲ್ಲಿ ಈ ಜಿಡ್ಡು ಇನ್ನೂ ಜಾಸ್ತಿ. ಅವರಿಗೆ ಸೀಲ್ ಬದಲಿಸಿಕೊಟ್ಟು ದುಡ್ಡು ತೆಗೆದುಕೊಳ್ಳುವ ಮೆಕ್ಯಾನಿಕ್ ಇಲ್ಲವೆನ್ನಲಾಗದು. ಬದಲಿಸಿದ ಮರುವಾರವೂ ಜಿಡ್ಡು ಇಳಿಯುತ್ತದೆ, ಮತ್ತೆ ಜಗಳ.

ಹಾಗಾಗಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಬಟ್ಟೆ ಕೈಗೆತ್ತಿಕೊಳ್ಳಬೇಕು. ಇಡೀ ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಒರೆಸಿ, ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ಅಡಿಯಲ್ಲೊಂದು ರಟ್ಟು ಹಾಸಿ ರಾತ್ರಿ ಬಿಡಬೇಕು. ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದದ್ದನ್ನು ಬೆರಳಿಗೆ ತೆಗೆದು ಉಜ್ಜಿ ಮೂಸಬೇಕು. ತೆಳ್ಳಗೆ ಕಪ್ಪಗಿದ್ದು ಸೀಮೆಎಣ್ಣೆ ನಾತ ಹೊಡೆದರೆ ಅದು ಹೊಗೆದಾರಿಯ ಜಿಡ್ಡು. ದಪ್ಪಗೆ ಅಂಟಿಕೊಂಡು, ಗಂಧಕದ ಕಟುವಾಸನೆ ಬಂದರೆ ಅದು ಗೇರ್ ಆಯಿಲ್. ಹಲ್ಲುಗಳ ಮೇಲಿನ ಒತ್ತಡ ತಾಳಲೆಂದು ಅದಕ್ಕೆ ಸೇರಿಸುವ ರಾಸಾಯನಿಕದಲ್ಲಿ ಗಂಧಕ ಇರುತ್ತದೆ. ಈ ವಾಸನೆ ಒಮ್ಮೆ ಮೂಗಿಗೆ ಹತ್ತಿದವರು ಮತ್ತೆ ಮರೆಯುವುದಿಲ್ಲ.

ಗೇರ್ ಆಯಿಲ್ ಎಂದು ಗೊತ್ತಾದರೆ ಕತೆ ಗಂಭೀರ. ಏಕೆಂದು ತಿಳಿಯಲು ಎಂಜಿನ್ನಿನ ರಚನೆ ನೋಡಬೇಕು. ಔಟ್‌ಬೋರ್ಡ್‌ನ ಮೂಲ ವಿನ್ಯಾಸ ಹಳೆಯದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕೀಯಲ್ಲಿ ಇಂಥ ಎಂಜಿನ್ ಮಾರಲು ತೊಡಗಿದ ಕಾಲಕ್ಕೂ ಇದೇ ಕ್ರಮ: ಮೇಲೆ ಎಂಜಿನ್, ಅಲ್ಲಿಂದ ನೆಟ್ಟಗೆ ಇಳಿಯುವ ಶಾಫ್ಟ್, ನೀರಿನೊಳಗೆ ಒಂದು ಜೊತೆ ಓರೆಹಲ್ಲಿನ ಗೇರ್, ಅಡ್ಡ ಶಾಫ್ಟ್, ಅದರ ತುದಿಗೆ ಫ್ಯಾನ್. ಓಡುವಷ್ಟು ಹೊತ್ತೂ ಗೇರ್ ಬಾಕ್ಸ್ ಉಪ್ಪುನೀರಿನಲ್ಲಿ ಮುಳುಗಿಯೇ ಇರುತ್ತದೆ. ಸಣ್ಣ ಎಂಜಿನ್ನಿನಲ್ಲಿ ಅದರೊಳಗಿನ ಆಯಿಲ್ ಕಾಲು ಲೀಟರಿನ ಆಸುಪಾಸು. ಆ ಆಯಿಲಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವುದು ರಬ್ಬರಿನ ಒಂದೆರಡು ತುಟಿ.

ಓಡುವಾಗ ಗೇರ್ ಬಾಕ್ಸ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಸೀಲ್ ಸವೆದಿದ್ದರೆ ಆಯಿಲ್ ಹೊರಗೆ ತಳ್ಳಲ್ಪಟ್ಟು ನೀರಿನ ಮೇಲೆ ಬಣ್ಣಬಣ್ಣದ ಪದರವಾಗಿ ಹರಡುತ್ತದೆ. ಎಂಜಿನ್ ನಿಂತಾಗ ತಣ್ಣೀರಿನಲ್ಲಿ ಗಾಳಿ ಕುಗ್ಗುತ್ತದೆ, ಅದೇ ಸಂದಿಯಿಂದ ಉಪ್ಪುನೀರು ಒಳಗೆ ಸೆಳೆಯಲ್ಪಡುತ್ತದೆ. ಹೋದ ಆಯಿಲಿನ ಬೆಲೆ ಚಿಲ್ಲರೆ. ಬಂದ ನೀರು ಬೇರಿಂಗಿಗೆ ತುಕ್ಕು ಹಿಡಿಸಿ ಗೇರಿನ ಹಲ್ಲು ತಿಂದರೆ ಇಡೀ ಕೆಳಭಾಗವೇ ಹೊಸದಾಗಬೇಕು. ಹೊರಗೆ ಒಂದು ಹನಿಯೂ ಕಾಣದ ಎಂಜಿನ್ನಿನಲ್ಲೂ ನೀರು ಹೊಕ್ಕಿರಬಹುದು. ಸೋರಿಕೆ ಎಂದರೆ ಹೊರಗೆ ಹೋಗುವುದಷ್ಟೇ ಎಂದುಕೊಂಡವರು ಸೋಲುವುದು ಇಲ್ಲಿಯೇ.

ನೀರು ಹೊಕ್ಕಿದೆಯೇ ಎಂದು ನೋಡುವುದು ಸುಲಭ. ಎಂಜಿನ್ ರಾತ್ರಿಯೆಲ್ಲ ನೆಟ್ಟಗೆ ನಿಂತಿದ್ದರೆ ಭಾರದ ನೀರು ಕೆಳಗೆ ಇಳಿದಿರುತ್ತದೆ. ಕೆಳಗಿನ ಡ್ರೈನ್ ಸ್ಕ್ರೂವನ್ನು ಪೂರ್ತಿ ಬಿಚ್ಚದೆ ಒಂದೆರಡು ಸುತ್ತು ಸಡಿಲಿಸಿ ಮೊದಲ ಹನಿ ನೋಡಿ. ನೀರೇ ಬಂದರೆ ಅನುಮಾನವಿಲ್ಲ. ಹಾಲು ಬೆರೆಸಿದ ಚಹಾದಂತೆ ಬೆಳ್ಳಗೆ ಬಂದರೆ ನೀರೂ ಆಯಿಲೂ ಕಡೆದುಹೋಗಿವೆ ಎಂದರ್ಥ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನೂ ಬೆಳಕಿಗೆ ಹಿಡಿಯಿರಿ. ನವಿರಾದ ಬೂದುಬಣ್ಣದ ಪುಡಿ ಅಂಟಿದ್ದರೆ ಮಾಮೂಲು ಸವೆತ. ಉಗುರಿಗೆ ಸಿಕ್ಕುವಂಥ ಚೂರುಗಳಿದ್ದರೆ ಸೀಲ್ ಬದಲಿಸಿ ಸುಮ್ಮನಾಗುವ ಕೆಲಸವಲ್ಲ, ಗೇರ್ ಬಾಕ್ಸ್ ಬಿಚ್ಚಲೇಬೇಕು.

ಇನ್ನು ತೂತು ಎಲ್ಲಿ? ಅನುಮಾನ ಪಡಬೇಕಾದ್ದು ಅಗ್ಗದ ವಸ್ತುವಿನಿಂದ ಶುರು. ಕೆಳಗಿನ ಡ್ರೈನ್ ಸ್ಕ್ರೂ, ಮೇಲಿನ ಲೆವೆಲ್ ಸ್ಕ್ರೂ ಎರಡಕ್ಕೂ ಒಂದೊಂದು ವಾಷರ್ ಇರುತ್ತದೆ. ಆಯಿಲ್ ಬದಲಿಸಿದಾಗಲೆಲ್ಲ ಅದೂ ಬದಲಾಗಬೇಕು. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಇನ್ನೊಮ್ಮೆ ಹಿಡಿಯುವ ಭರವಸೆ ಇಲ್ಲ. ಹಳೆಯದನ್ನೇ ಹಾಕಿ, ಸೋರಿದಾಗ ಸ್ಕ್ರೂವನ್ನು ಇನ್ನಷ್ಟು ಬಿಗಿದು, ಅಲ್ಯೂಮಿನಿಯಂ ಮರೆ (ಥ್ರೆಡ್) ಕೆಡಿಸಿಕೊಂಡವರಿದ್ದಾರೆ. ಚಹಾ ಕುಡಿಯುವ ದುಡ್ಡಿನ ವಾಷರ್ ಉಳಿಸಿ ಗೇರ್ ಬಾಕ್ಸಿನ ಕವಚ ಕಳೆದುಕೊಳ್ಳುವ ವ್ಯಾಪಾರ.

ವಾಷರ್ ಸರಿಯಿದ್ದರೆ ಫ್ಯಾನ್ ಬಿಚ್ಚಬೇಕು. ನಮ್ಮ ಕಡಲಲ್ಲಿ ದೊಡ್ಡ ಅಪರಾಧಿ ಅಲ್ಲೇ ಅಡಗಿರುತ್ತಾನೆ: ತಂಗೂಸು. ಕಂತಬಲೆಯ ಹರಿದ ನೂಲು, ಯಾರೋ ಬಿಸಾಡಿದ ಗಾಳದ ದಾರ ಫ್ಯಾನಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕಂಡಷ್ಟನ್ನು ಚೂರಿಯಲ್ಲಿ ಕೊಯ್ದು ದೋಣಿ ಮುಂದೆ ಹೋಗುತ್ತದೆ. ಕಾಣದೆ ಉಳಿದ ಎಳೆ ಫ್ಯಾನಿನ ಹಿಂದೆ ಶಾಫ್ಟಿಗೆ ಬಿಗಿಯಾಗಿ ಸುತ್ತಿ, ತಿರುಗಿ ತಿರುಗಿ ಬಿಸಿಯಾಗಿ ಸೀಲಿನ ತುಟಿಯನ್ನು ಕೊಯ್ದುಕೊಂಡು ಹೋಗುತ್ತದೆ. ಸ್ಪ್ಲಿಟ್ ಪಿನ್ ತೆಗೆದು ನಟ್ ಬಿಚ್ಚಿ ಫ್ಯಾನ್ ಎಳೆದರೆ ಕಪ್ಪು ಗ್ರೀಸಿನ ನಡುವೆ ಹಸಿರೋ ನೀಲಿಯೋ ನೂಲಿನ ಬಳೆ. ಕೆಲವೊಮ್ಮೆ ಕರಗಿ ಗಟ್ಟಿಯಾಗಿ ಪ್ಲಾಸ್ಟಿಕ್ ಉಂಗುರವೇ ಆಗಿರುತ್ತದೆ, ಉಳಿಯಿಂದ ಎಬ್ಬಿಸಬೇಕು.

ಸೀಲ್ ಕೂತಿರುವುದು ಬೇರಿಂಗಿನ ಕವಚದಲ್ಲಿ. ಆ ಕವಚದ ಬೋಲ್ಟ್ ಬಿಚ್ಚುವುದೇ ಈ ಕೆಲಸದ ಕಷ್ಟದ ಪಾಲು. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಮೈ, ನಡುವೆ ಉಪ್ಪುನೀರು: ಮೂರೂ ಸೇರಿದರೆ ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟಿ ಅದು ಅಲ್ಲೇ ಬೇರುಬಿಡುತ್ತದೆ. ಜೋರು ಮಾಡಿದರೆ ತಲೆ ಮುರಿಯುತ್ತದೆ. ಒಳಗಿಳಿಯುವ ಎಣ್ಣೆ ಬಿಟ್ಟು ಕಾಯುವುದು, ಹದವಾಗಿ ಕಾಯಿಸುವುದು, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುವುದು, ಇಷ್ಟೇ ಉಪಾಯ. ಅವಸರ ಇದ್ದವರು ಈ ಕೆಲಸಕ್ಕೆ ಕೈಹಾಕಬಾರದು.

ಹಳೆಯ ಸೀಲ್ ತೆಗೆಯುವ ಮೊದಲು ಅದರ ತುಟಿ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿ ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳಿ. ಸಾಮಾನ್ಯವಾಗಿ ಎರಡು ಸೀಲ್ ಇರುತ್ತವೆ, ಮುಖ ಮಾಡುವ ದಿಕ್ಕು ಮಾದರಿಯಿಂದ ಮಾದರಿಗೆ ಬೇರೆ. ಆಮೇಲೆ ಶಾಫ್ಟಿನ ಮೇಲೆ, ಸೀಲಿನ ತುಟಿ ಉಜ್ಜುವ ಜಾಗದಲ್ಲಿ, ಉಗುರು ಎಳೆಯಿರಿ. ಉಗುರು ಎಡವಿದರೆ ಅಲ್ಲಿ ಗೆರೆ ಬಿದ್ದಿದೆ. ಹೊಸ ಸೀಲನ್ನೂ ಆ ಗೆರೆ ತಿನ್ನುತ್ತದೆ, ಶಾಫ್ಟನ್ನೇ ಬದಲಿಸಬೇಕು. ಕವಚದ ಸುತ್ತಲಿನ ಓ-ರಿಂಗ್ ಚೆನ್ನಾಗಿಯೇ ಕಂಡರೂ ಹೊಸದು ಹಾಕಿಬಿಡಿ. ಕೂರಿಸುವಾಗ ಸೀಲಿನ ತುಟಿಗೆ ನೀರು ತಾಳುವ ಗ್ರೀಸ್ ಸವರಿ, ಸುತ್ತಳತೆಗೆ ಸರಿಹೊಂದುವ ಪೈಪಿನ ತುಂಡಿಟ್ಟು ಸಮನಾಗಿ ತಟ್ಟಿ. ಸುತ್ತಿಗೆಯಿಂದ ಒಂದು ಬದಿಗೆ ಹೊಡೆದು ಓರೆ ಕೂರಿಸಿದ ಸೀಲ್ ಅದೇ ದಿನ ಸೋರುತ್ತದೆ.

ಆಯಿಲ್ ತುಂಬುವ ಮೊದಲು ಗಾಳಿ ತುಂಬಿ ನೋಡುವವನೇ ನನ್ನ ಲೆಕ್ಕದಲ್ಲಿ ಮೆಕ್ಯಾನಿಕ್. ಮೇಲಿನ ಸ್ಕ್ರೂವಿನ ಜಾಗಕ್ಕೆ ಮೀಟರ್ ಇರುವ ಕೈಪಂಪಿನ ಕೊಳವೆ ಜೋಡಿಸಿ ಚದರ ಇಂಚಿಗೆ 10 ಪೌಂಡ್ ಸುಮಾರಿಗೆ ಒತ್ತಡ ಕೊಟ್ಟರೆ ಸಾಕು. ಅತಿಯಾದರೆ ಒಳ್ಳೆಯ ಸೀಲೇ ಹಾರಿಹೋಗುತ್ತದೆ. ಕೆಲವು ನಿಮಿಷ ಮುಳ್ಳು ಇಳಿಯದೆ ನಿಲ್ಲಬೇಕು. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಗೇರ್ ಹಾಕಿ ತೆಗೆದು ಮತ್ತೆ ನೋಡಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗವೇ ತೂತಿನ ವಿಳಾಸ. ಅದು ಫ್ಯಾನಿನ ಕಡೆ ಇರಬಹುದು, ಗೇರ್ ಬದಲಿಸುವ ಸರಳಿನ ಬುಡದಲ್ಲಿರಬಹುದು, ಮೇಲಿನಿಂದ ಇಳಿಯುವ ಶಾಫ್ಟಿನ ಸೀಲಿನಲ್ಲೂ ಇರಬಹುದು. ಕೊನೆಯದ್ದಾದರೆ ಕೆಳಭಾಗವನ್ನು ಪೂರ್ತಿ ಇಳಿಸಿ, ನೀರಿನ ಪಂಪನ್ನು ಬಿಚ್ಚಿ ಅದರಡಿಯ ಸೀಲ್ ಬದಲಿಸಬೇಕು. ಅಷ್ಟು ದೂರ ಹೋದವರು ಪಂಪಿನ ರಬ್ಬರ್ ಇಂಪೆಲ್ಲರನ್ನೂ ಹೊಸದು ಹಾಕಿಯೇ ಮುಚ್ಚುವುದು ಜಾಣತನ.

ಆಯಿಲ್ ತುಂಬುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ತೂತಿನಿಂದ ಒತ್ತುತ್ತ ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಆಯಿಲ್ ಕಾಣಿಸಿದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿದು ಆಯಿಲ್ ಕಡಿಮೆಯಾಗುತ್ತದೆ. ಕಂಪನಿ ಹೇಳಿದ ಗೇರ್ ಆಯಿಲೇ ಆಗಬೇಕು. ಬೈಕಿನ ಎಂಜಿನ್ ಆಯಿಲ್ ಇಲ್ಲಿ ನಡೆಯದು.

ಫೋರ್ ಸ್ಟ್ರೋಕ್ ಎಂಜಿನ್ ಕೊಂಡವರ ತಲೆನೋವು ಬೇರೆ. ಅವರ ಎಂಜಿನ್ನಿನ ಮುಚ್ಚಳದೊಳಗೆ ಆಯಿಲ್ ಹರಡಿದ್ದರೆ ಗ್ಯಾಸ್ಕೆಟ್ಟನ್ನು ಬೈಯುವ ಮೊದಲು ಎಂಜಿನ್ನನ್ನು ಟೆಂಪೋದಲ್ಲಿ ಹೇಗೆ ಮಲಗಿಸಿದ್ದಿರಿ ಎಂದು ಕೇಳಬೇಕು. ಮಲಗಿಸುವುದಕ್ಕೆ ಇಂಥದ್ದೇ ಮಗ್ಗುಲು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ತಪ್ಪು ಮಗ್ಗುಲಾದರೆ ಆಯಿಲ್ ಸಿಲಿಂಡರಿಗೂ ಇಳಿಯುತ್ತದೆ; ಹಾಗೇ ಹಗ್ಗ ಎಳೆದರೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳಬಹುದು. ಎಂಜಿನ್ ಓರೆಯಾಗಿದ್ದಾಗ ಕಡ್ಡಿ ಅದ್ದಿ ನೋಡಿ, ಕಡಿಮೆಯಿದೆ ಎಂದು ಸುರಿದು ಅತಿಯಾಗಿಸಿದವರ ಎಂಜಿನ್ನೂ ಹೀಗೆಯೇ ಕಕ್ಕುತ್ತದೆ.

ರಿಪೇರಿ ಆದ ಎಂಜಿನ್ನನ್ನು ಮೊದಲ ಸಲ ಕಡಲಿಗೆ ಒಯ್ದು ತಂದ ಮರುದಿನ ಬೆಳಿಗ್ಗೆ ಕೆಳಗಿನ ಸ್ಕ್ರೂ ಮತ್ತೆ ಕೊಂಚ ಸಡಿಲಿಸಿ ಒಂದೇ ಹನಿ ನೋಡಬೇಕು. ಆಯಿಲ್ ಶುದ್ಧವಾಗಿದ್ದರೆ ಹೊಸ ವಾಷರ್ ಹಾಕಿ ಬಿಗಿದು ದೋಣಿ ನೀರಿಗಿಳಿಸಿ. ಬೆಳ್ಳಗಿದ್ದರೆ ಕೈಪಂಪು ಮತ್ತೆ ಹೊರಗೆ ಬರಲಿ. ಬಲೆ ಎಲ್ಲಾದರೂ ಫ್ಯಾನಿಗೆ ಸಿಕ್ಕಿದ ದಿನವಂತೂ, ನೂಲೆಲ್ಲ ಬಂತು ಎಂದು ಎಷ್ಟೇ ನಂಬಿಕೆ ಇದ್ದರೂ, ದಡಕ್ಕೆ ಬಂದ ಮೇಲೆ ಫ್ಯಾನ್ ಬಿಚ್ಚಿ ನೋಡದೆ ಮನೆಗೆ ಹೋಗಬೇಡಿ.