ರೆಪ್ಪೆಯ ಮೇಲೊಂದು ಬಟಾಣಿ ಕಾಳು

ಸೋಮವಾರ ಬೆಳಿಗ್ಗೆ ಐದೂವರೆ. ವಿಜಯನಗರದ ನಮ್ಮ ಪಿ.ಜಿ.ಯಲ್ಲಿ ಬಾತ್‌ರೂಮಿನ ಕನ್ನಡಿ ಪುರುಸೊತ್ತಾಗಿ ಸಿಗುವುದು ಆ ಹೊತ್ತಿನಲ್ಲಿ ಮಾತ್ರ. ಹಲ್ಲುಜ್ಜಲು ನಿಂತವಳು ಬೆಚ್ಚಿಬಿದ್ದೆ. ಎಡಗಣ್ಣು ಅರ್ಧ ಮುಚ್ಚಿಕೊಂಡಿತ್ತು. ಮೇಲಿನ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಬುಡದಲ್ಲಿ, ಕೆಂಪಗೆ ಒಂದು ಗುಳ್ಳೆ. ಮುಟ್ಟಿದರೆ ಜೀವ ಹೋಗುವಂಥ ನೋವು.

ಗುರುವಾರ ನನಗೆ ಇಂಟರ್‌ವ್ಯೂ ಇತ್ತು. ಡಿಗ್ರಿ ಮುಗಿಸಿ ಅರಸೀಕೆರೆ ಪಕ್ಕದ ಊರಿನಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಎರಡನೇ ಸುತ್ತಿಗೆ ಕರೆದಿದ್ದ ಮೊದಲ ಕಂಪನಿ ಅದು.

ಪಿ.ಜಿ. ಅಂದಮೇಲೆ ಸಲಹೆಗಳಿಗೆ ಬರವೇ? ‘ಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ಒತ್ತಿಡು’ ಅಂದಳು ಒಬ್ಬಳು. ‘ಲವಂಗ ತೇಯ್ದು ಹಚ್ಚು’ ಅಂದಳು ಇನ್ನೊಬ್ಬಳು. ಮೂರನೆಯವಳು ಸೇಫ್ಟಿ ಪಿನ್ನನ್ನೇ ತಂದಳು. ‘ಒಂದೇ ಸಲ ಚುಚ್ಚಿ ಕೀವು ತೆಗೆದುಬಿಡೋಣ ಕಣೇ!’ ನಾಲ್ಕನೆಯವಳು ಮಾತ್ರ ‘ನನ್ನ ಕಡೆ ನೋಡಬೇಡ ಮಾರಾಯ್ತಿ, ನನಗೂ ಬರುತ್ತೆ’ ಎಂದು ಮುಖ ತಿರುಗಿಸಿದಳು.

ನಾನು ಯಾರ ಮಾತನ್ನೂ ಕೇಳದೆ ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನಾಚೆಯಿಂದಲೇ ಒಮ್ಮೆ ನೋಡಿದವರು ಒಂದು ಡ್ರಾಪ್ಸ್ ಬಾಟಲಿ ಕೊಟ್ಟರು. ಎರಡು ದಿನದಲ್ಲಿ ಕೆಂಪು ಇಳಿಯಿತು. ಜಾಣೆ ನಾನೇ ಅಂದುಕೊಂಡೆ. ಆದರೆ ಗುಳ್ಳೆ ಹಾಗೇ ಇತ್ತು. ದಪ್ಪ ಫ್ರೇಮಿನ ಕನ್ನಡಕ ಹಾಕಿಕೊಂಡು ಇಂಟರ್‌ವ್ಯೂ ಮುಗಿಸಿದೆ. ಶುಕ್ರವಾರ ರೆಪ್ಪೆ ಮತ್ತೆ ಊದಿಕೊಂಡಿತು. ಕೊನೆಗೆ ಬಸ್ಸು ಹತ್ತಿ ರಾಜಾಜಿನಗರದ ಕಡೆಯ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ನನ್ನ ಕಣ್ಣಿಗಿಂತ ಮೊದಲು ಆ ಬಾಟಲಿಯನ್ನು ನೋಡಿದರು. ‘ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮಾ. ಊತ, ಕೆಂಪು ಬೇಗ ಇಳಿಸುತ್ತೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಸೋಂಕು ಇರುವಾಗ ಹಾಕಿದರೆ ಸೋಂಕು ಹೆಚ್ಚಬಹುದು. ಡಾಕ್ಟರ್ ಹೇಳದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು’ ಎಂದರು. ಅರವತ್ತು ರೂಪಾಯಿಯ ಬಾಟಲಿ ಕೈಯಲ್ಲಿ ಭಾರವಾಯಿತು.

ಎರಡು ಗುಳ್ಳೆ, ಎರಡು ಸ್ವಭಾವ

ಆ ದಿನ ಅವರು ಹತ್ತು ನಿಮಿಷ ಹೇಳಿದ ಪಾಠ ಇಷ್ಟು. ನಮ್ಮ ರೆಪ್ಪೆಯೊಳಗೆ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 30, ಕೆಳಗಿನದರಲ್ಲಿ ಸುಮಾರು 25. 1666ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದ ಜರ್ಮನ್ ವೈದ್ಯ ಹೈನ್‌ರಿಶ್ ಮೈಬೋಮ್ ಹೆಸರಿನಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿ ಎನ್ನುತ್ತಾರೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಇವುಗಳಿಂದ ಒಂದಿಷ್ಟು ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ. ಕಣ್ಣು ಒಣಗದೆ ಇರುವುದು ಇದರಿಂದಲೇ.

ಇಂಥ ಗ್ರಂಥಿಗೋ ಕೂದಲಿನ ಬುಡಕ್ಕೋ ಬ್ಯಾಕ್ಟೀರಿಯಾ ಸೇರಿ ಕೀವಾದರೆ ಅದು ಕಣ್ಣುಕುರು. ಡಾಕ್ಟರುಗಳ ಬಾಯಲ್ಲಿ ‘ಸ್ಟೈ’. ಬಹುಪಾಲು ಸಲ ಇದಕ್ಕೆ ಕಾರಣ ನಮ್ಮ ಚರ್ಮ, ಮೂಗಿನಲ್ಲೇ ಇರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಇದು ದಿಢೀರನೆ ಬರುತ್ತದೆ, ಕೆಂಪಾಗುತ್ತದೆ, ನೋಯುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತಾನೇ ಒಡೆದು ವಾಸಿಯಾಗುತ್ತದೆ.

ಇನ್ನೊಂದು ಗುಳ್ಳೆ ನಿಧಾನಿ. ಗ್ರಂಥಿಯ ಬಾಯಿ ಕಟ್ಟಿಕೊಂಡು ಎಣ್ಣೆ ಒಳಗೇ ಗಟ್ಟಿಯಾಗಿ, ಅದರ ಸುತ್ತ ದೇಹವೇ ಗಂಟು ಕಟ್ಟುತ್ತದೆ. ನೋವು ಕಡಿಮೆ ಅಥವಾ ಇಲ್ಲವೇ ಇಲ್ಲ. ರೆಪ್ಪೆಯ ಅಂಚಿಗಿಂತ ತುಸು ದೂರದಲ್ಲಿ, ಚರ್ಮದಡಿ ಬಟಾಣಿ ಕಾಳು ಇಟ್ಟಹಾಗೆ ಕೈಗೆ ಸಿಗುತ್ತದೆ. ಇದರ ಹೆಸರು ಕೆಲೇಜಿಯನ್. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಪುಟ್ಟ ಆಲಿಕಲ್ಲು ಎಂದರ್ಥವಂತೆ. ನಮ್ಮ ಸುಶ್ರುತ ಸಂಹಿತೆಯಲ್ಲೂ ರೆಪ್ಪೆಗೇ ಸಂಬಂಧಿಸಿದ 21 ಕಾಯಿಲೆಗಳ ಪಟ್ಟಿ ಇದೆ. ಅದರಲ್ಲಿ ‘ಲಗಣ’ ಎಂಬುದು ಗಟ್ಟಿಯಾದ, ನೋವಿಲ್ಲದ, ಕೀವಾಗದ, ಎಲಚಿ ಹಣ್ಣಿನಷ್ಟು ದಪ್ಪದ ಗಂಟು. ಓದಿದಾಗ ನನ್ನ ಕಣ್ಣನ್ನೇ ನೋಡಿ ಬರೆದಂತಿತ್ತು.

ನನಗಾದದ್ದು ಮೊದಲು ಕುರು. ಕೀವು ಹೋದ ಮೇಲೂ ಅದೇ ಜಾಗದಲ್ಲಿ ಗಂಟು ಉಳಿದುಕೊಂಡಿತು. ಹೀಗಾಗುವುದು ಅಪರೂಪವೇನಲ್ಲ.

‘ಹಾಗಾದರೆ ಯಾಕೆ ಬಂತು?’ ಎಂದು ಕೇಳಿದೆ. ಅವರು ತಿರುಗಿ ಪ್ರಶ್ನೆ ಹಾಕಿದರು. ದಿನಕ್ಕೆ ಎಷ್ಟು ಗಂಟೆ ಮೊಬೈಲ್, ಲ್ಯಾಪ್‌ಟಾಪ್? ಕಾಡಿಗೆ ಯಾರದ್ದು? ರಾತ್ರಿ ಮುಖ ತೊಳೆದು ಮಲಗುತ್ತೀಯಾ? ತಲೆಯಲ್ಲಿ ಹೊಟ್ಟಿದೆಯಾ? ಕಣ್ಣು ಉಜ್ಜುವ ಅಭ್ಯಾಸ ಇದೆಯಾ? ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?

ಒಂದೊಂದಕ್ಕೂ ನಾನು ತಲೆ ತಗ್ಗಿಸಿದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ಕಣ್ಣು ಸ್ಕ್ರೀನ್ ಮುಂದೆ ಅದರ ಅರ್ಧದಷ್ಟೂ ಮಿಟುಕುವುದಿಲ್ಲ. ಮಿಟುಕದಿದ್ದರೆ ಎಣ್ಣೆ ಸರಿಯಾಗಿ ಹರಿಯುವುದಿಲ್ಲ. ಇನ್ನು ಕಾಡಿಗೆ? ನಮ್ಮ ರೂಮಿನ ಮೂವರಿಗೂ ಒಂದೇ ಕಡ್ಡಿ! ಮತ್ತೆ ಮತ್ತೆ ಕುರು ಏಳುವವರು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದೂ ಅವರು ಹೇಳಿದರು.

ಅಂದಹಾಗೆ, ನೋಡಿದರೆ ಕಣ್ಣುಕುರು ಅಂಟುವುದಿಲ್ಲ. ಆದರೆ ಒಂದೇ ಟವೆಲ್, ಒಂದೇ ದಿಂಬು, ಒಂದೇ ಕಾಡಿಗೆ ಹಂಚಿಕೊಂಡರೆ ಬ್ಯಾಕ್ಟೀರಿಯಾ ಹಂಚಿಕೊಂಡಂತೆಯೇ.

ಔಷಧಿ ಅಂದರೆ ಬಿಸಿನೀರು

ಅಷ್ಟು ದೂರ ಹೋದ ನನಗೆ ಅವರು ಬರೆದುಕೊಟ್ಟದ್ದು ಒಂದು ಮುಲಾಮು, ಮತ್ತು ಬಿಸಿ ಶಾಖ. ಕಟ್ಟಿಕೊಂಡ ಎಣ್ಣೆ ಗಟ್ಟಿ ತುಪ್ಪವಿದ್ದ ಹಾಗೆ. ಬಿಸಿ ತಾಗಿದರೆ ಕರಗುತ್ತದೆ. ಬಾಯಿ ಬಿಚ್ಚಿಕೊಳ್ಳುತ್ತದೆ. ಅಂಗೈಗೆ ಬೆರಳು ಉಜ್ಜಿ ಇಡು ಎಂದ ಗೆಳತಿ ಅರ್ಧ ಸರಿಯಾಗಿಯೇ ಹೇಳಿದ್ದಳು. ಬಿಸಿ ಬೇಕು, ಕೊಳಕು ಬೆರಳು ಬೇಡ. ಲವಂಗ, ಅರಿಶಿನ, ಎಣ್ಣೆ ಯಾವುದೂ ಬೇಡ. ಅವು ಕಣ್ಣೊಳಗೆ ಹೋದರೆ ಉರಿ ಗ್ಯಾರಂಟಿ. ಪಿನ್ನಂತೂ ಬೇಡವೇ ಬೇಡ. ಚುಚ್ಚಿದರೆ, ಹಿಂಡಿದರೆ ಸೋಂಕು ಸುತ್ತಲೂ ಹರಡಬಹುದು.

ಪಿ.ಜಿ.ಯಲ್ಲಿ ಅಡುಗೆಮನೆಗೆ ಪ್ರವೇಶವಿಲ್ಲ. ಹಾಗಾಗಿ ನನ್ನ ವ್ಯವಸ್ಥೆ ಹೀಗಿತ್ತು: ಸ್ಟೀಲ್ ಲೋಟದಲ್ಲಿ ಬಿಸಿನೀರು, ಒಗೆದ ಹತ್ತಿಯ ಕರ್ಚೀಫು. ಮೊದಲು ಕೈ ತೊಳೆಯಬೇಕು. ಕರ್ಚೀಫನ್ನು ಅದ್ದಿ ಹಿಂಡಿ, ಮಣಿಕಟ್ಟಿನ ಮೇಲಿಟ್ಟು ಸುಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ ಇಡಬೇಕು. ಒಂದೆರಡು ನಿಮಿಷಕ್ಕೆ ಅದು ತಣ್ಣಗಾಗುತ್ತದೆ, ಮತ್ತೆ ಅದ್ದಬೇಕು. ಒಟ್ಟು ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಗಂಟು ಉಳಿದಿದ್ದರೆ ಶಾಖದ ನಂತರ ಶುದ್ಧ ಬೆರಳಿನಿಂದ ಮೆಲ್ಲಗೆ ನೀವಬೇಕು. ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಅಂದರೆ ಯಾವಾಗಲೂ ಕೂದಲಿನ ಕಡೆಗೆ. ವಾಸಿಯಾಗುವವರೆಗೆ ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಎರಡಕ್ಕೂ ರಜೆ. ಹಳೆಯ ಕಾಡಿಗೆ ಕಸದ ಬುಟ್ಟಿಗೆ.

ದಿನಕ್ಕೆ 40 ನಿಮಿಷ ಕಣ್ಣು ಮುಚ್ಚಿ ಕೂರುವುದು ಕೆಲಸ ಹುಡುಕುವವರಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ರೂಮ್‌ಮೇಟ್ ಅದಕ್ಕೊಂದು ದಾರಿ ಹುಡುಕಿದಳು. ನಾನು ಕರ್ಚೀಫು ಇಟ್ಟುಕೊಂಡು ಕೂತರೆ ಅವಳು ಸಂವಿಧಾನದ ವಿಧಿಗಳನ್ನು ಓದಿ ಪ್ರಶ್ನೆ ಕೇಳುತ್ತಿದ್ದಳು. ಮೂಲಭೂತ ಹಕ್ಕುಗಳ 12ರಿಂದ 35ನೇ ವಿಧಿಯವರೆಗೆ ನನಗೆ ಬಾಯಿಪಾಠವಾದದ್ದು ಕಣ್ಣುಕುರುವಿನ ಕೃಪೆಯಿಂದ!

ಐದನೇ ದಿನ ಕುರು ತಾನೇ ಒಡೆಯಿತು. ಉಳಿದ ಗಂಟು ಕರಗಲು ಆರು ವಾರ ಬೇಕಾಯಿತು. ಕರಗದಿದ್ದರೂ ಹೆದರಬೇಕಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ರೆಪ್ಪೆಯನ್ನು ಮಗುಚಿ, ಒಳಭಾಗದಿಂದ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ. ಒಳಗಿನಿಂದ ಕೊಯ್ಯುವುದರಿಂದ ಹೊರಗೆ ಗಾಯದ ಗುರುತು ಕಾಣುವುದಿಲ್ಲ. ಕೆಲವರಿಗೆ ಗಂಟಿಗೇ ಇಂಜೆಕ್ಷನ್ ಕೊಡುವುದೂ ಉಂಟು. ದೊಡ್ಡ ಗಂಟು ಕಣ್ಣುಗುಡ್ಡೆಯನ್ನು ಒತ್ತಿ ದೃಷ್ಟಿ ಮಂಜಾಗಿಸಿದರೆ ತೆಗೆಸುವುದೇ ವಾಸಿ.

ಯಾವಾಗ ಕಾಯಬಾರದು?

ಹೊರಡುವಾಗ ಡಾಕ್ಟರಮ್ಮ ಚೀಟಿಯ ಹಿಂದೆ ನಾಲ್ಕು ಸಾಲು ಬರೆದುಕೊಟ್ಟರು. ಊತ ರೆಪ್ಪೆ ದಾಟಿ ಕೆನ್ನೆಗೆ, ಹುಬ್ಬಿಗೆ ಹರಡಿದರೆ, ಜ್ವರ ಬಂದರೆ, ಕಣ್ಣು ಹೊರಳಿಸುವಾಗ ನೋವಾದರೆ, ಕಣ್ಣು ಮುಂದಕ್ಕೆ ಉಬ್ಬಿದರೆ, ಒಂದು ವಸ್ತು ಎರಡಾಗಿ ಕಂಡರೆ, ದೃಷ್ಟಿ ಕುಂದಿದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ. ಸೋಂಕು ಕಣ್ಣಿನ ಹಿಂದಕ್ಕೆ ಇಳಿದಿರಬಹುದು.

ಕೊನೆಯ ಸಾಲನ್ನು ಬರೆಯದೆ ಬಾಯಲ್ಲೇ ಹೇಳಿದರು. ‘ನಿನ್ನ ವಯಸ್ಸಿಗೆ ಇದು ಮಾಮೂಲಿ. ವಯಸ್ಸಾದವರಿಗೆ ಅದೇ ಜಾಗದಲ್ಲಿ ತೆಗೆದಷ್ಟೂ ಮತ್ತೆ ಬಂದರೆ, ಅಲ್ಲಿ ರೆಪ್ಪೆಗೂದಲು ಉದುರಿದರೆ ಮಾತ್ರ ನಾವು ಬೇರೆ ಥರ ಯೋಚಿಸುತ್ತೇವೆ.’

ಬಸ್‌ಸ್ಟಾಪಿನಲ್ಲಿ ನಿಂತಾಗ ನನಗೆ ಅಜ್ಜಿಯ ಮುಖ ಕಣ್ಣಮುಂದೆ ಬಂತು. ಅಜ್ಜಿಯ ಬಲಗಣ್ಣಿನ ರೆಪ್ಪೆಯ ಮೇಲೂ ಒಂದು ಗಂಟಿತ್ತು. ಹಿಂದಿನ ವರ್ಷ ಊರ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಕೊಯ್ದು ತೆಗೆದಿದ್ದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿರಲಿಲ್ಲ. ಆರು ತಿಂಗಳಿಗೆ ಅಲ್ಲೇ ಮತ್ತೆ ಎದ್ದಿತ್ತು. ಫೋನ್ ಮಾಡಿ ‘ಅಮ್ಮಾ, ಅಜ್ಜಿಯ ರೆಪ್ಪೆಯಲ್ಲಿ ಗಂಟಿರೋ ಜಾಗದಲ್ಲಿ ಕೂದಲಿದೆಯಾ ನೋಡು’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ‘ಇಲ್ಲ ಕಣೇ’ ಅಂದರು. ಹಿಂದಿನಿಂದ ಅಜ್ಜಿಯ ದನಿ: ‘ಅಕ್ಕಿ ಆರಿಸೋಕೆ ಕಣ್ಣು ಕಾಣ್ತದಲ್ಲ ಮಗಾ, ಇನ್ನೇನಾಗಬೇಕು?’

ಮುಂದಿನ ವಾರ ಅಜ್ಜಿಯನ್ನು ರೈಲು ಹತ್ತಿಸಿ ಕರೆತಂದು ಮಿಂಟೊ ಆಸ್ಪತ್ರೆಗೆ ಕರೆದೊಯ್ದೆ. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ: ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪವಾದ ಈ ಕ್ಯಾನ್ಸರ್, ರೆಪ್ಪೆಯ ಕ್ಯಾನ್ಸರ್‌ಗಳ ಪೈಕಿ ನಮ್ಮ ದೇಶದಲ್ಲಿ ಅಷ್ಟು ಅಪರೂಪವಲ್ಲ. ಮಾಮೂಲಿ ಗಂಟಿನ ವೇಷದಲ್ಲೇ ಇರುವುದರಿಂದ ಗೊತ್ತಾಗುವುದು ತಡ. ಅದೃಷ್ಟಕ್ಕೆ ಅಜ್ಜಿಯದು ಬೇರೆ ಕಡೆ ಹರಡಿರಲಿಲ್ಲ. ಆ ಭಾಗವನ್ನು ತೆಗೆದು, ಪಕ್ಕದ ಚರ್ಮದಿಂದಲೇ ರೆಪ್ಪೆಯನ್ನು ಸರಿಮಾಡಿದರು. ತೀರಾ ತಡವಾದವರಲ್ಲಿ ಕಣ್ಣನ್ನೇ ತೆಗೆಯಬೇಕಾಗುವುದೂ ಉಂಟಂತೆ. ಈಗ ಕೆಲವು ತಿಂಗಳಿಗೊಮ್ಮೆ ಚೆಕಪ್. ಅಕ್ಕಿ ಆರಿಸುವುದು ನಿಂತಿಲ್ಲ.

ಖರ್ಚಿನ ಭಯದಿಂದ ಮೆಡಿಕಲ್ ಶಾಪಿಗೇ ಹೋಗುವ ನನ್ನಂಥವರಿಗೆ ಒಂದು ಮಾತು. ಮಿಂಟೊ ಸರ್ಕಾರಿ ಆಸ್ಪತ್ರೆ. 1896ರಲ್ಲಿ ಶುರುವಾದದ್ದು. ವಿಜಯನಗರದಿಂದ, ಕೆಂಗೇರಿಯಿಂದ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಎರಡನೇ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಅಲ್ಲಿಂದ ಆಸ್ಪತ್ರೆ ಹತ್ತಿರ. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿಯಲ್ಲಿ ತೋರಿಸುವವರಿಗೆ ಕಾರ್ಡ್ ರಸ್ತೆಯಲ್ಲೇ ನಾರಾಯಣ ನೇತ್ರಾಲಯವಿದೆ.

ಅಂದಹಾಗೆ, ಆ ಕೆಲಸ ನನಗೆ ಸಿಗಲಿಲ್ಲ. ತಪ್ಪು ಕಣ್ಣಿನದಲ್ಲ, ಎಕ್ಸೆಲ್ ಪ್ರಶ್ನೆಯದು. ಇನ್ನೂ ಹುಡುಕುತ್ತಿದ್ದೇನೆ. ಹಂಪಿನಗರದ ಲೈಬ್ರರಿಯಲ್ಲಿ ಯಾರಾದರೂ ಪುಸ್ತಕ ಮಡಚಿಟ್ಟು ಕಣ್ಣುಜ್ಜುತ್ತಿರುವುದು ಕಂಡರೆ ಮಾತ್ರ ಪರಿಚಯವಿಲ್ಲದಿದ್ದರೂ ಹೇಳಿಬಿಡುತ್ತೇನೆ: ‘ಉಜ್ಜಬೇಡಿ, ಬಿಸಿ ಶಾಖ ಕೊಡಿ.’ ಆಮೇಲೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ‘ಈ ಸಲ ಊರಿಗೆ ಹೋದಾಗ ಅಜ್ಜ, ಅಜ್ಜಿಯ ಕಣ್ಣನ್ನು ಒಮ್ಮೆ ಹತ್ತಿರದಿಂದ ನೋಡಿ.’