ಉಸಿರಿನ ಅರಿವಳಿಕೆ ಮತ್ತು ಅದರ ಅಣುನೆಲೆಗಳು

1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ರೋಗಿಗೆ ಈಥರ್ ಆವಿಯನ್ನು ಉಸಿರಾಡಿಸಿ ಶಸ್ತ್ರಚಿಕಿತ್ಸೆಗೆ ಅಣಿಗೊಳಿಸಿದ ಪ್ರಸಂಗ ಸುಪ್ರಸಿದ್ಧವಾದುದು. ಆದರೆ ಇಂತಹ ಆವಿಯು ದೇಹದ ಯಾವ ನೆಲೆಯಲ್ಲಿ ಸೇರಿ ಅರಿವನ್ನು ಅಳಿಸುತ್ತದೆ ಎಂಬ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಹಾನ್ಸ್ ಮೇಯರ್ ಮತ್ತು ಚಾರ್ಲ್ಸ್ ಓವರ್‌ಟನ್ ಪ್ರತ್ಯೇಕವಾಗಿ ಒಂದೇ ನಿಲುವಿಗೆ ಬಂದರು. ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಅರಿವಳಿಕೆಯು ಹೆಚ್ಚು ಪ್ರಬಲವಾಗಿರುತ್ತದೆ ಎಂಬುದು ಆ ನಿಲುವು. ಇದರಿಂದ ಜೀವಕೋಶದ ಕೊಬ್ಬಿನ ಪೊರೆಯೇ ಅರಿವಳಿಕೆಯ ನೆಲೆಯೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು.

ಈ ಅಭಿಪ್ರಾಯವನ್ನು ಅಲುಗಿಸಿದ್ದು ಮಿಂಚುಹುಳು. ಅದರ ಬೆಳಕಿಗೆ ಕಾರಣವಾದ ಲೂಸಿಫರೇಸ್ ಎಂಬ ಪ್ರೋಟೀನನ್ನು ಕೊಬ್ಬಿನಿಂದ ಬೇರ್ಪಡಿಸಿದಾಗಲೂ ಅರಿವಳಿಕೆಗಳು ಅದರ ಕಾರ್ಯವನ್ನು ಕುಂದಿಸುತ್ತವೆ, ಅದೂ ತಮ್ಮ ಪ್ರಾಬಲ್ಯಕ್ಕೆ ಅನುಗುಣವಾಗಿ ಎಂಬುದನ್ನು 1984ರಲ್ಲಿ ನಿಕೋಲಸ್ ಫ್ರಾಂಕ್ಸ್ ಮತ್ತು ವಿಲಿಯಂ ಲೀಬ್ ತೋರಿಸಿದರು. ಪರಸ್ಪರ ಕನ್ನಡಿಬಿಂಬಗಳಂತಿರುವ ಐಸೊಫ್ಲುರೇನಿನ ಎರಡು ರೂಪಗಳು ಕೊಬ್ಬಿನಲ್ಲಿ ಸಮನಾಗಿ ಕರಗಿದರೂ ನರಕೋಶದ ಅಯಾನು ನಾಲೆಗಳ ಮೇಲೆ ಭಿನ್ನ ಪರಿಣಾಮ ಬೀರುತ್ತವೆಂದು 1991ರಲ್ಲಿ ಅವರೇ ವರದಿ ಮಾಡಿದರು.

ಅರಿವಳಿಕೆಯ ಅಣು ಬೀಗಕ್ಕೆ ಕೀಲಿಕೈಯಂತೆ ಬಿಗಿಯಾಗಿ ಕೂಡುವುದಿಲ್ಲ. ಪ್ರೋಟೀನಿನ ಒಳಗಿರುವ, ನೀರನ್ನು ಒಲ್ಲದ ಪೊಳ್ಳುಗಳಲ್ಲಿ ದುರ್ಬಲ ಆಕರ್ಷಣೆಯಿಂದ ನೆಲೆನಿಂತು, ಪ್ರಮಾಣ ತಗ್ಗಿದೊಡನೆ ಹೊರಬರುತ್ತದೆ. ರೋಗಿ ಮರಳಿ ಎಚ್ಚರಗೊಳ್ಳುವುದು ಈ ಸಡಿಲ ಬಂಧದಿಂದಲೇ ಸಾಧ್ಯವಾಗುತ್ತದೆ. ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಗ್ರಾಹಕದಲ್ಲಿ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿದರೆ ಈಥರ್ ಜಾತಿಯ ಅರಿವಳಿಕೆಗಳ ಪರಿಣಾಮ ಕುಂದುವುದು 1997ರಲ್ಲಿ ದೃಢಪಟ್ಟಿತು. ಆದರೆ ಕ್ಸೆನಾನ್ ಮತ್ತು ನೈಟ್ರಸ್ ಆಕ್ಸೈಡ್‌ಗಳು ಮುಖ್ಯವಾಗಿ ಎನ್‌ಎಂಡಿಎ ಎಂಬ ಬೇರೊಂದು ಗ್ರಾಹಕವನ್ನು ತಡೆಯುತ್ತವೆ. ಪೊಟ್ಯಾಸಿಯಂ ನಾಲೆಗಳನ್ನು ತೆರೆಯುವ ಅರಿವಳಿಕೆಗಳೂ ಉಂಟು.

ಕಥೆಯೊಂದರ ಏಕೈಕ ಮೂಲರೂಪವನ್ನು ಅರಸುತ್ತಿದ್ದ ಜಾನಪದ ವಿದ್ವಾಂಸರು ಕ್ರಮೇಣ ಪಾಠಾಂತರಗಳ ಮಹತ್ವವನ್ನು ಮನಗಂಡಂತೆ, ಇಲ್ಲಿಯೂ ಏಕೈಕ ನೆಲೆಯ ಹುಡುಕಾಟ ಹಲವು ನೆಲೆಗಳ ಅರಿವಿಗೆ ದಾರಿ ಮಾಡಿದೆ. ಈ ವಿಚಾರ ಕೇವಲ ಶಾಸ್ತ್ರಚರ್ಚೆಯಲ್ಲ. ದೇಹದ ಚಲನೆ ನಿಲ್ಲುವುದಕ್ಕೆ ಮುಖ್ಯವಾಗಿ ಬೆನ್ನುಹುರಿ, ಅರಿವು ಅಳಿಯುವುದಕ್ಕೆ ಮಿದುಳು ಕಾರಣವಾಗಿರುವುದರಿಂದ, ರೋಗಿ ಅಲುಗದಿರುವುದೊಂದೇ ಅರಿವಿಲ್ಲದಿರುವುದಕ್ಕೆ ಪ್ರಮಾಣವಾಗದು. ಯಾವ ಅಣು ಯಾವ ನೆಲೆಯಲ್ಲಿ ಎಷ್ಟು ಹೊತ್ತು ತಂಗುತ್ತದೆ ಎಂಬ ತಿಳಿವಳಿಕೆಯೇ ಸುರಕ್ಷಿತ ಅರಿವಳಿಕೆಗೆ ಆಧಾರವಾಗಬೇಕಾಗಿದೆ.