ಭೂದಾಖಲೆಯೂ ಗಣಕಯಂತ್ರಗಳ ಪತ್ರವ್ಯವಹಾರವೂ

ಜಮೀನಿನ ಕ್ರಯಪತ್ರವು ಸಬ್‌ರಿಜಿಸ್ಟ್ರಾರರ ಕಛೇರಿಯಲ್ಲಿ ನೋಂದಣಿಯಾಗುವುದು. ಪಹಣಿಯು ಕಂದಾಯ ಇಲಾಖೆಯ ವಶದಲ್ಲಿರುವುದು. ಸಾಲದ ಲೆಕ್ಕವು ಬ್ಯಾಂಕಿನಲ್ಲಿರುವುದು. ಮೂರೂ ಈಗ ಗಣಕಯಂತ್ರದ ದಾಖಲೆಗಳೇ. ನೋಂದಣಿಯ ತಂತ್ರಾಂಶಕ್ಕೆ ಕಾವೇರಿಯೆಂದೂ ಪಹಣಿಯದಕ್ಕೆ ಭೂಮಿಯೆಂದೂ ಹೆಸರು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾದವು. ಆದರೆ ಬೇರೆ ಬೇರೆ ಇಲಾಖೆಗಳಿಗಾಗಿ ರಚಿತವಾದ ತಂತ್ರಾಂಶಗಳಾದುದರಿಂದ ಒಂದರ ಲೆಕ್ಕವು ಇನ್ನೊಂದಕ್ಕೆ ತಾನಾಗಿ ತಿಳಿಯಲಾರದು. ಆದಕಾರಣ ನೋಂದಣಿಯಾದ ವರದಿಯನ್ನು ಕಾವೇರಿಯಿಂದ ಭೂಮಿಗೆ ಕಳುಹಿಸುವ ಏರ್ಪಾಡಾಗಿದೆ. ಅದು ತಲಪಿದ ಮೇಲೆಯೇ ಖಾತೆ ಬದಲಾವಣೆಯ ಕ್ರಮವು ಮೊದಲಾಗುವುದು.

ಇಂಥ ಜೋಡಣೆಗೆ ಮಾರ್ಗಗಳು ಹಲವುಂಟು. ಒಂದು ಯಂತ್ರವು ಇನ್ನೊಂದನ್ನು ನೇರವಾಗಿ ಕೇಳಬಹುದು. ಆದರೆ ಆ ಹೊತ್ತಿನಲ್ಲಿ ಎರಡೂ ನಡೆಯುತ್ತಿರಬೇಕು. ಎಲ್ಲರಿಗೂ ಒಂದೇ ದಫ್ತರವನ್ನಿಡಬಹುದು. ಯಾವ ಇಲಾಖೆಯೂ ತನ್ನ ದಫ್ತರವನ್ನು ಪರರ ಕೈಗೆ ಸುಲಭವಾಗಿ ಕೊಡದು. ಸಂದೇಶಪದ್ಧತಿಯು ಟಪಾಲಿನಂತೆ. ಕಳುಹಿಸುವ ಯಂತ್ರವು ಸಂದೇಶವನ್ನು ಮಧ್ಯವರ್ತಿ ತಂತ್ರಾಂಶಕ್ಕೆ ಒಪ್ಪಿಸಿ ತನ್ನ ಕೆಲಸಕ್ಕೆ ಹೋಗುವುದು. ಮಧ್ಯವರ್ತಿಯು ಅದನ್ನು ಸರದಿಯಲ್ಲಿ ಬರೆದಿಟ್ಟುಕೊಂಡು, ಎದುರಿನ ಯಂತ್ರಕ್ಕೆ ವಿದ್ಯುತ್ತು ಬಂದಾಗ ತಲಪಿಸುವುದು. ಐಬಿಎಂ ಕಂಪೆನಿಯು 1993ರಲ್ಲಿ ಹೊರತಂದ ಎಂಕ್ಯೂ ಸೀರೀಸ್, 2007ರಲ್ಲಿ ಬಂದ ರ‍್ಯಾಬಿಟ್ ಎಂಕ್ಯೂ ಈ ಬಗೆಯ ಮಧ್ಯವರ್ತಿಗಳು.

ಸಂದೇಶವು ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದೇ ಹೆಚ್ಚು ತೊಡಕಿನ ವಿಷಯ. ಬ್ಯಾಂಕೊಂದು 2 ಲಕ್ಷ ರೂಪಾಯಿ ಸಾಲದ ಸಂದೇಶವನ್ನು ಕಳುಹಿಸಿತೆನ್ನೋಣ. ಪಹಣಿಯ ಯಂತ್ರವು ಅದನ್ನು ದಾಖಲಿಸಿತು. ಸ್ವೀಕೃತಿಯನ್ನು ಕಳುಹಿಸುವಷ್ಟರಲ್ಲಿ ತಂತಿ ಕಡಿಯಿತು. ಸ್ವೀಕೃತಿ ಬಾರದ್ದರಿಂದ ಮಧ್ಯವರ್ತಿಯು ಅದನ್ನೇ ಮತ್ತೆ ಕಳುಹಿಸುವುದು, ಅದರಲ್ಲಿ ತಪ್ಪಿಲ್ಲ. ಪಡೆಯುವ ಯಂತ್ರವು ಎಚ್ಚರದಿಂದಿರದಿದ್ದರೆ ಅದೇ ಜಮೀನಿನ ಮೇಲೆ 4 ಲಕ್ಷದ ಋಣ ನಿಲ್ಲುವುದು. ಇದಕ್ಕಾಗಿ ಪ್ರತಿಯೊಂದು ಸಂದೇಶಕ್ಕೂ ಪ್ರತ್ಯೇಕ ಸಂಖ್ಯೆಯಿರತಕ್ಕದ್ದು. ಪಡೆಯುವ ಯಂತ್ರವು ಆ ಸಂಖ್ಯೆಯನ್ನು ತನ್ನ ಪಟ್ಟಿಯಲ್ಲಿ ನೋಡಿ, ಈ ಮೊದಲೇ ದಾಖಲಾಗಿದ್ದರೆ ಸ್ವೀಕೃತಿಯನ್ನಷ್ಟೇ ಕೊಡತಕ್ಕದ್ದು. ಟಪಾಲು ಪುಸ್ತಕವನ್ನು ನೆಟ್ಟಗೆ ಬರೆಯುವ ಗುಮಾಸ್ತನು ಮಾಡುವುದೂ ಇಷ್ಟೇ.

ಸರ್ವೆ ನಂಬರು, ಹಿಸ್ಸಾ ತಾಳೆಯಾಗದ ಸಂದೇಶವನ್ನು ಎಷ್ಟು ಸಲ ಕಳುಹಿಸಿದರೂ ದಾಖಲಾಗದು. ಒಳ್ಳೆಯ ಏರ್ಪಾಡಿನಲ್ಲಿ ಅಂಥದನ್ನು ಬೇರೆಯ ಸರದಿಗೆ ತಳ್ಳಿ ಹಿಂದಿನವುಗಳಿಗೆ ದಾರಿ ಬಿಡಲಾಗುವುದು. ಅಲ್ಲಿ ಬಿದ್ದುದನ್ನು ಅಧಿಕಾರಿಯೊಬ್ಬನು ಕಣ್ಣಿಟ್ಟು ನೋಡದಿದ್ದರೆ ಅದು ಅಲ್ಲಿಯೇ ಉಳಿಯುವುದು. ಆದುದರಿಂದ ಕೊಂಡವರು ನೋಂದಣಿಗೆ ಮುಂಚೆಯೇ ಪತ್ರದಲ್ಲಿನ ಸರ್ವೆ ನಂಬರನ್ನೂ ಹಿಸ್ಸಾವನ್ನೂ ಪಹಣಿಯೊಡನೆ ಹೋಲಿಸಿ ನೋಡತಕ್ಕದ್ದು. ಖಾತೆ ಬದಲಾವಣೆಯು ತಡವಾದರೆ ನೋಂದಣಿ ಸಂಖ್ಯೆ, ತಾರೀಖುಗಳೊಡನೆ ತಾಲ್ಲೂಕು ಕಛೇರಿಯಲ್ಲಿ ವಿಚಾರಿಸತಕ್ಕದ್ದು.